ಮನೆಯೊಳಗೆ ಹವಳದ ಮೀನು

ದೊಡ್ಡ ಪಟ್ಟಣಗಳ ಹೋಟೆಲುಗಳ ಮೊಗಸಾಲೆಯಲ್ಲಿಯೋ ವೈದ್ಯರ ಕೊಠಡಿಯ ಹೊರಗೋ ಇಟ್ಟ ಗಾಜಿನ ತೊಟ್ಟಿಯಲ್ಲಿ, ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಪುಟ್ಟ ಮೀನುಗಳು ಓಲಾಡುತ್ತಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅವುಗಳ ಪಕ್ಕದಲ್ಲಿ ನೀಲಮಣಿಯಂತೆ ಹೊಳೆಯುವುದೊಂದು, ಅರಿಶಿನದಲ್ಲಿ ಅದ್ದಿ ತೆಗೆದಂತಿರುವುದು ಇನ್ನೊಂದು. ಇವು ಕೆರೆಯ ಮೀನುಗಳಲ್ಲ, ಹೊಳೆಯವೂ ಅಲ್ಲ. ಉಷ್ಣವಲಯದ ಸಮುದ್ರಗಳಲ್ಲಿ ಹವಳದ ದಿಬ್ಬಗಳನ್ನು ಆಶ್ರಯಿಸಿ ಬಾಳುವಂಥವು. ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ಮನ್ನಾರ್ ಕೊಲ್ಲಿ ಇಂಥ ಮೀನುಗಳ ಮುಖ್ಯ ನೆಲೆಗಳು. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳುಂಟು, ಅವುಗಳ ನಡುವೆ ಬಣ್ಣಬಣ್ಣದ ಮೀನುಗಳೂ ಉಂಟು.

ಕಂಡವರಿಗೆ ತಮ್ಮ ಮನೆಯಲ್ಲಿಯೂ ಇಂಥದೊಂದು ತೊಟ್ಟಿ ಇರಲೆಂಬ ಆಸೆ ಹುಟ್ಟುವುದು ಸಹಜ. ಆದರೆ ಹಾಗೆ ಉತ್ಸಾಹದಿಂದ ತಂದ ಮೀನುಗಳು ಒಂದೆರಡು ವಾರಗಳಲ್ಲಿಯೇ ಒಂದೊಂದಾಗಿ ಸತ್ತು ತೇಲುವುದು ಅಪರೂಪವಲ್ಲ. ಮನೆಯವರು ಅಂಗಡಿಯವನನ್ನು ಬಯ್ಯುತ್ತಾರೆ, ಅಂಗಡಿಯವನು ಮನೆಯವರನ್ನು ಬಯ್ಯುತ್ತಾನೆ. ಬಹುಪಾಲು ಸಂದರ್ಭಗಳಲ್ಲಿ ಸಾವಿಗೆ ಕಾರಣ ನೀರಿನಲ್ಲಿಯೇ ಇರುತ್ತದೆ. ಅದನ್ನು ಅಳೆಯಬಹುದು, ಲೆಕ್ಕ ಹಾಕಬಹುದು, ತಡೆಯಲೂಬಹುದು. ಆ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಸಮುದ್ರದ ಜೀವಿಗಳನ್ನು ಮನೆಯೊಳಗೆ ಸಾಕುವ ಹವ್ಯಾಸ ಹೊಸದೇನೂ ಅಲ್ಲ. 1846ರಲ್ಲಿ ಅನ್ನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕಿ ಎಂಬ ಕರಾವಳಿಯ ಊರಿನಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಸಮುದ್ರದ ನೀರಿನಲ್ಲಿರಿಸಿ ಬದುಕಿಸಿದಳು. ನೀರಿಗೆ ಗಾಳಿ ಬೆರೆಯಲೆಂದು ಮನೆಯ ಕೆಲಸದಾಕೆ ಅದನ್ನು ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುತ್ತಿದ್ದಳಂತೆ. ನಮ್ಮವರು ಕಾಫಿಯನ್ನು ಆರಿಸುವಂತೆ ಎನ್ನಬಹುದು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೊದಲನೆಯ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿಯ ಗ್ರಂಥ ಹೊರಬಂದು ‘ಅಕ್ವೇರಿಯಂ’ ಎಂಬ ಹೆಸರು ಜನಪ್ರಿಯವಾಯಿತು. ಆದರೂ ಕಡಲಿನಿಂದ ದೂರದ ಊರುಗಳಲ್ಲಿ ಹವಳದ ಮೀನುಗಳನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವ ಉಪಾಯ ಬಹುಕಾಲ ಕೈಗೆ ಬರಲಿಲ್ಲ.

ತೊಡಕಿನ ಮೂಲವಿರುವುದು ಉಪ್ಪಿನಲ್ಲಿ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಹೋಳುಗಳು ಸುಕ್ಕಿ, ಜಾಡಿಯ ತುಂಬ ನೀರು ನಿಲ್ಲುವುದನ್ನು ಎಲ್ಲರೂ ಬಲ್ಲರು. ತೆಳು ಪೊರೆಯೊಂದರ ಎರಡು ಬದಿಗಳಲ್ಲಿ ಹೆಚ್ಚು ಕಡಮೆ ಲವಣವುಳ್ಳ ದ್ರವಗಳಿದ್ದರೆ, ಕಡಮೆ ಲವಣದ ಕಡೆಯಿಂದ ಹೆಚ್ಚು ಲವಣದ ಕಡೆಗೆ ನೀರು ಹರಿಯುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ಸಮುದ್ರದ ಪ್ರತಿ ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಮೂಳೆಯುಳ್ಳ ಮೀನುಗಳ ರಕ್ತದಲ್ಲಿರುವ ಲವಣ ಇದರ ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಹೀಗೆ ನಾಲ್ಕೂ ಕಡೆ ನೀರಿದ್ದರೂ ಕಡಲ ಮೀನು ಉಪ್ಪಿನಕಾಯಿಯ ಹೋಳಿನಂತೆ ಸದಾ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ಸಮುದ್ರಜಲದ ಅಭಿಸರಣ ಒತ್ತಡವು ಸುಮಾರು 25 ವಾಯುಮಂಡಲಗಳಷ್ಟು. ಮೀನಿನ ರಕ್ತದ್ದು 8ರ ಆಸುಪಾಸು. ಉಳಿದ 17 ವಾಯುಮಂಡಲಗಳೆಂದರೆ 170 ಮೀಟರಿಗೂ ಎತ್ತರದ ನೀರಿನ ಕಂಬವು ಒತ್ತುವ ಬಲ. ಬೆರಳುದ್ದದ ಜೀವಿಯೊಂದು ಇಷ್ಟು ಸೆಳೆತದ ವಿರುದ್ಧ ಹಗಲಿರುಳು ತನ್ನ ಮೈಯ ನೀರನ್ನು ಕಾಪಾಡಿಕೊಳ್ಳಬೇಕಾಗಿದೆ.

ಮೀನು ಕಂಡುಕೊಂಡಿರುವ ಉಪಾಯ ಸೊಗಸಾದುದು. ಅದು ಸಮುದ್ರದ ನೀರನ್ನೇ ಕುಡಿಯುತ್ತದೆ. ಜೊತೆಗೆ ಒಳಬಂದ ಉಪ್ಪನ್ನು ಕಿವಿರುಗಳಲ್ಲಿರುವ ವಿಶೇಷ ಕೋಶಗಳ ಮೂಲಕ ಹೊರಕ್ಕೆ ನೂಕುತ್ತದೆ. ಮೂತ್ರವನ್ನು ಅತ್ಯಲ್ಪವಾಗಿ ಮಾತ್ರ ವಿಸರ್ಜಿಸುತ್ತದೆ. ಸಿಹಿನೀರಿನ ಮೀನಿನದು ಇದಕ್ಕೆ ತದ್ವಿರುದ್ಧವಾದ ಪಾಡು: ಅದರ ಮೈಯೊಳಕ್ಕೆ ನೀರು ತಾನಾಗಿ ನುಗ್ಗುವುದರಿಂದ ಅದು ನೀರನ್ನು ಹೊರಹಾಕುತ್ತಲೇ ಇರಬೇಕು. ಆದುದರಿಂದ ಒಂದನ್ನು ಇನ್ನೊಂದರ ನೀರಿನಲ್ಲಿ ಬಿಟ್ಟರೆ ಅದರ ದೇಹದ ಯಂತ್ರವು ತಪ್ಪು ದಿಕ್ಕಿನಲ್ಲಿ ಕೆಲಸಮಾಡಿ ಸೋಲುತ್ತದೆ. ಹವಳದ ದಿಬ್ಬದ ನೀರಿನಲ್ಲಿ ಲವಣಾಂಶವು ಬಹಳ ಕಡಮೆ ಬದಲಾಗುತ್ತದೆ; ಅಲ್ಲಿಯ ಮೀನುಗಳಿಗೆ ಏರುಪೇರುಗಳ ಅಭ್ಯಾಸವಿಲ್ಲ. ಅಂಗಡಿಯಿಂದ ತಂದ ಮೀನನ್ನು ತಟ್ಟನೆ ತೊಟ್ಟಿಗೆ ಸುರಿಯದೆ, ಅದರ ಚೀಲಕ್ಕೆ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಬೆರೆಸಿ ಹೊಂದಿಸಬೇಕೆಂದು ಬಲ್ಲವರು ಹೇಳುವುದು ಇದೇ ಕಾರಣದಿಂದ.

ಇನ್ನು ಆ ನೀರನ್ನು ಸಿದ್ಧಮಾಡುವ ಬಗೆ. 1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ 1884ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಉಪ್ಪಿನ ಒಟ್ಟು ಮೊತ್ತ ಎಡೆಯಿಂದ ಎಡೆಗೆ ಬೇರೆಯಾದರೂ ಅದರೊಳಗಿನ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಸಾಗರಗಳಲ್ಲಿಯೂ ಒಂದೇ ಎಂಬುದು ಅದರಿಂದ ದೃಢಪಟ್ಟಿತು. ಕೃತಕವಾಗಿ ಸಮುದ್ರದ ನೀರನ್ನು ತಯಾರಿಸುವುದು ಸಾಧ್ಯವಾಗಿರುವುದು ಈ ನಿಯಮದ ಬಲದಿಂದಲೇ. ಆದರೆ ಅಡಿಗೆಯ ಉಪ್ಪನ್ನು ನೀರಿಗೆ ಕರಗಿಸಿದರೆ ಸಮುದ್ರವಾಗುವುದಿಲ್ಲ. ಸಮುದ್ರ ಲವಣದಲ್ಲಿ ಅಡಿಗೆ ಉಪ್ಪು ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚು. ಉಳಿದುದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಗಂಧಕದ ಲವಣಗಳು ಮೊದಲಾದವು. ಅವೆಲ್ಲವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದ ಮಿಶ್ರಣ ಅಂಗಡಿಗಳಲ್ಲಿ ದೊರೆಯುತ್ತದೆ. ಕರಾವಳಿಯವರು ಕಡಲಿನ ನೀರನ್ನೇ ತರಬಹುದಲ್ಲವೆ ಎಂದು ಕೇಳಬಹುದು. ತರಬಹುದು, ಆದರೆ ಮಳೆಗಾಲದಲ್ಲಿ ನೇತ್ರಾವತಿಯ ಅಥವಾ ಕಾಳಿಯ ಮುಖದ ಬಳಿ ತುಂಬಿದ ನೀರಿನಲ್ಲಿ ಕಡಲಿಗಿಂತ ಹೊಳೆಯೇ ಹೆಚ್ಚಾಗಿರುತ್ತದೆ.

ಲವಣಾಂಶವನ್ನು ಅಳೆಯಲು ಹೈಡ್ರಾಮೀಟರ್ ಸಾಕು. ಸಮುದ್ರಜಲದ ವಿಶಿಷ್ಟ ಗುರುತ್ವ 1.025ರ ಆಸುಪಾಸಿನಲ್ಲಿರಬೇಕು. ಆದರೆ ಈ ಉಪಕರಣದ ಮೇಲೆ ಯಾವ ಉಷ್ಣತೆಗೆ ಗುರುತು ಹಾಕಿದ್ದಾರೆಂಬುದನ್ನು ಯಾರೂ ನೋಡುವುದಿಲ್ಲ. 15 ಡಿಗ್ರಿ ಸೆಂಟಿಗ್ರೇಡಿಗೆ ಗುರುತು ಹಾಕಿದ ಹೈಡ್ರಾಮೀಟರನ್ನು 28 ಡಿಗ್ರಿಯ ತೊಟ್ಟಿಯಲ್ಲಿ ತೇಲಿಬಿಟ್ಟರೆ, ನೀರು ಹಿಗ್ಗಿರುವುದರಿಂದ ಅದು ಸುಮಾರು 0.003ರಷ್ಟು ಕಡಮೆ ತೋರಿಸುತ್ತದೆ. ಅದನ್ನು ನಂಬಿದವರು ಲೀಟರಿಗೆ ನಾಲ್ಕು ಗ್ರಾಂ ಉಪ್ಪನ್ನು ಸುಮ್ಮನೆ ಹೆಚ್ಚಾಗಿ ಸುರಿಯುತ್ತಾರೆ. ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಲ್ಲಿ ನಾವು ನೂರು ಸಲ ಹೇಳುವ ಮಾತಿದು. ಇಲ್ಲಿ ಅದನ್ನು ಮರೆತರೆ ಕಳೆದುಹೋಗುವುದು ಅಂಕಗಳಲ್ಲ.

ತೊಟ್ಟಿಯ ಗಾತ್ರದ ವಿಷಯದಲ್ಲಿಯೂ ಲೆಕ್ಕವೇ ದಾರಿ ತೋರಬೇಕು. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರವಿರುವ ತೊಟ್ಟಿಯನ್ನು ತುಂಬಲು 182 ಲೀಟರ್ ನೀರು ಬೇಕು. ಅದಕ್ಕೆ ಬೇಕಾಗುವ ಉಪ್ಪು ಆರು ಕಿಲೋಗ್ರಾಮಿಗೂ ಹೆಚ್ಚು. ತುಂಬಿದ ನೀರಿನ ತೂಕ ಗಾಜಿನ ಹೊರತಾಗಿಯೇ 187 ಕಿಲೋಗ್ರಾಂ. ಪುಸ್ತಕದ ಬೀರುವಿನ ಮೇಲೆ ಇಡುವ ವಸ್ತುವಲ್ಲ ಇದು. ಎದುರಿನ ಗಾಜಿನ ಮೇಲೆ ನೀರು ಒತ್ತುವ ಬಲವನ್ನು ಲೆಕ್ಕ ಹಾಕಿದರೆ 93 ಕಿಲೋಗ್ರಾಂ ತೂಕದಷ್ಟು ಬರುತ್ತದೆ. ತೊಟ್ಟಿಯ ಉದ್ದವನ್ನು ಎರಡರಷ್ಟು ಮಾಡಿದರೆ ಈ ಬಲ ಎರಡರಷ್ಟಾಗುತ್ತದೆ. ಎತ್ತರವನ್ನು ಎರಡರಷ್ಟು ಮಾಡಿದರೆ ನಾಲ್ಕರಷ್ಟು. ನೋಟಕ್ಕೆ ಚೆಂದವೆಂದು ಎತ್ತರದ ತೊಟ್ಟಿಯನ್ನು ಬಯಸುವವರು ಇದನ್ನು ಗಮನಿಸಬೇಕು. ಎತ್ತರದ ತೊಟ್ಟಿಗೆ ಮತ್ತೊಂದು ದೋಷವೂ ಉಂಟು: ನೀರಿಗೆ ಗಾಳಿ ಬೆರೆಯುವುದು ಮೇಲ್ಮೈಯಿಂದ, ಎತ್ತರ ಹೆಚ್ಚಿದರೆ ಮೇಲ್ಮೈ ಹೆಚ್ಚುವುದಿಲ್ಲ.

ಗಾಳಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. 26 ಡಿಗ್ರಿಯ ಸಮುದ್ರಜಲದಲ್ಲಿ ಅದು ಎಷ್ಟು ಕರಗಬಲ್ಲದೋ ಅಷ್ಟೂ ಕರಗಿದ್ದರೂ ಲೀಟರಿಗೆ 7 ಮಿಲಿಗ್ರಾಂ ಸಹ ಆಗುವುದಿಲ್ಲ. ಸಿಹಿನೀರಿನಲ್ಲಿ 8ರಷ್ಟು ಕರಗುತ್ತದೆ. ನೀರು ಬೆಚ್ಚಗಾದಂತೆ, ಉಪ್ಪಾದಂತೆ ಆಮ್ಲಜನಕ ಕಡಮೆಯಾಗುತ್ತದೆ. ಅದೇ ವೇಳೆಗೆ ಮೀನಿನ ಉಸಿರಾಟದ ಅಗತ್ಯ ಹೆಚ್ಚುತ್ತದೆ. ಬೇಸಗೆಯ ರಾತ್ರಿ ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ತೊಟ್ಟಿಯೇ ಬರಿದಾಗಬಹುದು. ಆದುದರಿಂದ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳತಕ್ಕದ್ದು. ಯಾವುದೂ ಇಲ್ಲದಿದ್ದಾಗ ಅನ್ನಾ ಥಿನ್‌ಳ ಮನೆಯ ಉಪಾಯ ಇಂದಿಗೂ ಸಲ್ಲುತ್ತದೆ.

ಹವಳದ ಮೀನುಗಳಿಗೆ 25ರಿಂದ 28 ಡಿಗ್ರಿ ಉಷ್ಣತೆ ಹಿತ. ಚಳಿಯ ದೇಶಗಳಲ್ಲಿ ನೀರನ್ನು ಕಾಯಿಸುವುದು ಚಿಂತೆಯಾದರೆ, ರಾಯಚೂರು ಕಲಬುರ್ಗಿಗಳ ಬೇಸಗೆಯಲ್ಲಿ ಅದನ್ನು ತಣಿಸುವುದೇ ಚಿಂತೆ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ತತ್ವವೇ ಇಲ್ಲಿಯೂ ನೆರವಿಗೆ ಬರುತ್ತದೆ. ನೀರಿನ ಮೇಲ್ಮೈಗೆ ಸಣ್ಣ ಬೀಸಣಿಗೆಯಿಂದ ಗಾಳಿ ಹಾಯಿಸಿದರೆ ಆವಿಯಾಗುವ ನೀರು ತನಗೆ ಬೇಕಾದ ಗುಪ್ತೋಷ್ಣವನ್ನು ಉಳಿದ ನೀರಿನಿಂದ ಸೆಳೆಯುತ್ತದೆ. ನಮ್ಮ ಮೇಲಿನ ತೊಟ್ಟಿಯಿಂದ ಒಂದು ಲೀಟರ್ ಆವಿಯಾದರೆ, ಹೊರಗಿನಿಂದ ಶಾಖ ಬಾರದಿದ್ದಲ್ಲಿ, ಉಳಿದ ನೀರು ಸುಮಾರು ಮೂರು ಡಿಗ್ರಿ ತಣಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ; ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ದಿನಕ್ಕೆ ಎರಡು ಲೀಟರಿನಂತೆ ವಾರವಿಡೀ ಹೋದರೆ 35 ಗ್ರಾಮಿದ್ದ ಲವಣ 38ಕ್ಕೆ ಏರುತ್ತದೆ. ಆಗ ತುಂಬಬೇಕಾದದ್ದು ಸಿಹಿನೀರು. ‘ಸಮುದ್ರದ ಮೀನಲ್ಲವೆ’ ಎಂದು ಉಪ್ಪುನೀರನ್ನೇ ತುಂಬುತ್ತ ಹೋದವರ ತೊಟ್ಟಿ ಕೆಲವು ವಾರಗಳಲ್ಲಿ ಉಪ್ಪಿನ ಗದ್ದೆಯ ದಾರಿ ಹಿಡಿಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಮೀನುಗಳನ್ನು ಬಲಿ ತೆಗೆದುಕೊಳ್ಳುವ ವಸ್ತು ಕಣ್ಣಿಗೆ ಕಾಣುವುದಿಲ್ಲ. ಮೀನುಗಳು ತಮ್ಮ ದೇಹದ ಸಾರಜನಕದ ಕಶ್ಮಲವನ್ನು ಹೆಚ್ಚಾಗಿ ಅಮೋನಿಯದ ರೂಪದಲ್ಲಿ ಕಿವಿರುಗಳಿಂದ ಹೊರಬಿಡುತ್ತವೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಇದೇ. ಕಡಲಿನಲ್ಲಿ ಅದು ಅಪಾರ ಜಲರಾಶಿಯಲ್ಲಿ ಕರಗಿ ಹೋಗುತ್ತದೆ; ತೊಟ್ಟಿಯಲ್ಲಿ ಹೋಗಲು ಎಡೆಯಿಲ್ಲ. ನೀರಿನಲ್ಲಿ ಅಮೋನಿಯವು ಎರಡು ರೂಪಗಳಲ್ಲಿರುತ್ತದೆ: ವಿದ್ಯುದಾವೇಶ ಪಡೆದ ಅಮೋನಿಯಂ ಅಯಾನು ಒಂದು, ಆವೇಶವಿಲ್ಲದ ಅಮೋನಿಯ ಇನ್ನೊಂದು. ಮೊದಲನೆಯದು ಅಷ್ಟಾಗಿ ಹಾನಿ ಮಾಡದು. ಎರಡನೆಯದು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಿ ರಕ್ತಕ್ಕೆ ಸೇರುವ ವಿಷ. ನೀರು ಕ್ಷಾರೀಯವಾದಷ್ಟೂ ಈ ವಿಷರೂಪದ ಪಾಲು ಹೆಚ್ಚು. ಪಿ.ಎಚ್. 7 ಇರುವ ಸಿಹಿನೀರಿನಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಮೆ, ಪಿ.ಎಚ್. 8.2 ಇರುವ ಸಮುದ್ರಜಲದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ಚಿನ್ನದ ಮೀನನ್ನು ಹಲವು ವರ್ಷ ಯಶಸ್ವಿಯಾಗಿ ಸಾಕಿದವರು ಸಮುದ್ರದ ತೊಟ್ಟಿಯಲ್ಲಿ ಸೋಲುವುದೇಕೆಂಬುದಕ್ಕೆ ಇದೊಂದು ಉತ್ತರ. ಅಷ್ಟೇ ಕೊಳೆ ಇಲ್ಲಿ ಹತ್ತರಷ್ಟು ವಿಷವಾಗುತ್ತದೆ.

ಇದಕ್ಕೆ ಪರಿಹಾರವನ್ನು ಪ್ರಕೃತಿಯೇ ಒದಗಿಸಿದೆ. ಅಮೋನಿಯವನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸಿ ಅದರಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಗಳನ್ನು ರಷ್ಯದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದನು. ನೈಟ್ರೇಟು ಹೋಲಿಕೆಯಲ್ಲಿ ನಿರುಪದ್ರವಿ. ಈ ಬ್ಯಾಕ್ಟೀರಿಯಗಳು ಮರಳಿನ ಕಣಗಳ, ಕಲ್ಲಿನ ರಂಧ್ರಗಳ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಆದರೆ ಬಹಳ ನಿಧಾನವಾಗಿ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಹೆಚ್ಚಲು ನಾಲ್ಕರಿಂದ ಆರು ವಾರಗಳು ಬೇಕು. ತೊಟ್ಟಿಗೆ ಒಂದು ಚೂರು ಸಿಗಡಿಯನ್ನು ಹಾಕಿ ಕೊಳೆಯಲು ಬಿಟ್ಟು, ಅಮೋನಿಯ ಏರಿ ಇಳಿಯುವುದನ್ನೂ ಬಳಿಕ ನೈಟ್ರೈಟು ಏರಿ ಇಳಿಯುವುದನ್ನೂ ಅಗ್ಗದ ಪರೀಕ್ಷಾದ್ರಾವಣಗಳಿಂದ ನೋಡುತ್ತಿರಬಹುದು. ಎರಡೂ ಸೊನ್ನೆಗೆ ಬಂದ ಮೇಲೆ ಮೊದಲ ಮೀನು. ಚೆನ್ನಾಗಿ ನಡೆಯುತ್ತಿರುವ ಹಳೆಯ ತೊಟ್ಟಿಯಿಂದ ಒಂದು ಹಿಡಿ ಮರಳನ್ನು ತಂದು ಹಾಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ. ಕೆಲಸ ಬೇಗ ಆಗುತ್ತದೆ. ಈ ಆರು ವಾರ ಬರಿಯ ನೀರನ್ನು ನೋಡುತ್ತ ಕುಳಿತುಕೊಳ್ಳುವ ತಾಳ್ಮೆಯಿಲ್ಲದವರು ಈ ಹವ್ಯಾಸಕ್ಕೆ ಕೈ ಹಾಕದಿರುವುದು ಲೇಸೆಂದು ನಮ್ಮ ಅಭಿಪ್ರಾಯ. ಅಂಗಡಿಯವರಲ್ಲಿ ಕೆಲವರು ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುತ್ತಾರೆ. ಅಂಥವರ ಎರಡನೆಯ ವ್ಯಾಪಾರವೂ ನಿಶ್ಚಿತ.

ಜಕಾರ್ತದ ಲೀ ಚಿನ್ ಎಂಗ್ ಎಂಬಾತನು 1961ರಲ್ಲಿ ಪ್ರಕಟಿಸಿದ ವಿಧಾನವೂ ಇದನ್ನೇ ಆಧರಿಸಿತ್ತು. ಅವನು ಹವಳದ ದಿಬ್ಬದಿಂದ ಜೀವಿಗಳು ಮುತ್ತಿದ ಕಲ್ಲುಗಳನ್ನು ತಂದಿರಿಸಿ, ಗಾಳಿಯ ಗುಳ್ಳೆಗಳಿಂದ ನೀರನ್ನು ಕದಲಿಸಿದನು; ಶುದ್ಧೀಕರಣದ ಕಾರ್ಯವನ್ನು ಕಲ್ಲುಗಳಲ್ಲಿದ್ದ ಜೀವಿಗಳೇ ನಡೆಸಿದವು. ಇಂದಿನ ತೊಟ್ಟಿಗಳಲ್ಲಿ ಇದರ ಜೊತೆಗೆ, ಗುಳ್ಳೆಗಳ ಮೈಗೆ ಕಶ್ಮಲ ಅಂಟಿಕೊಳ್ಳುವ ಗುಣವನ್ನು ಬಳಸಿ ಅದನ್ನು ನೊರೆಯಾಗಿ ತೆಗೆದುಹಾಕುವ ಸಾಧನವಿರುತ್ತದೆ. ಉಳಿದ ನೈಟ್ರೇಟನ್ನು ಹೊರಹಾಕಲು ಆಗಾಗ ಹತ್ತರಲ್ಲೊಂದು ಪಾಲು ನೀರನ್ನು ಬದಲಾಯಿಸಬೇಕು.

ಮೀನುಗಳ ಬಣ್ಣದ ವಿಚಾರ ಭೌತಶಾಸ್ತ್ರದವರಾದ ನಮಗೆ ಹೆಚ್ಚು ಪ್ರಿಯವಾದುದು. ಕಿತ್ತಳೆ, ಹಳದಿಗಳು ಬಹುಮಟ್ಟಿಗೆ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ ಬರುತ್ತವೆ. ಗಜ್ಜರಿಗೆ ಬಣ್ಣ ಕೊಡುವ ವಸ್ತುವಿನ ಬಳಗವೇ ಇದು. ಮೀನು ಇದನ್ನು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಒಂದೇ ಬಗೆಯ ಒಣ ಆಹಾರವನ್ನು ತಿಂದ ಮೀನು ತಿಂಗಳುಗಳಲ್ಲಿ ಕಳೆಗುಂದುವುದಕ್ಕೆ ಇದೇ ಕಾರಣ. ನೀಲಿಯ ಕಥೆ ಬೇರೆ. ಡ್ಯಾಮ್ಸೆಲ್ ಮೀನಿನ ನೀಲಿಯನ್ನು ಅರೆದು ತೆಗೆಯಲು ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಅದರ ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತ್ಯಂತ ತೆಳುವಾದ ಹರಳಿನ ಹಾಳೆಗಳು ಒಂದರ ಮೇಲೊಂದು ಜೋಡಿಸಲ್ಪಟ್ಟಿವೆ. ಒಂದೊಂದು ಹಾಳೆಯಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಕೂಡಿ ನೀಲಿಯನ್ನು ಪುಷ್ಟಿಗೊಳಿಸುತ್ತವೆ. ಸಾಬೂನಿನ ಗುಳ್ಳೆಯ ಬಣ್ಣಗಳ ಹಿಂದಿರುವ ವ್ಯತಿಕರಣವೇ ಇದು. ಮ್ಯಾಂಡರಿನ್ ಮೀನು ಅಪವಾದ: ಅದರ ಚರ್ಮದಲ್ಲಿ ನಿಜವಾದ ನೀಲಿ ವರ್ಣಕೋಶಗಳಿರುವುದನ್ನು 1995ರಲ್ಲಿ ಜಪಾನಿನ ವಿಜ್ಞಾನಿಗಳು ವರದಿ ಮಾಡಿದರು. ಕಡಲಿನ ನೀಲಿಯಾದರೋ ಇನ್ನೂ ಬೇರೆ; ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳೇ ಬೆಳಕನ್ನು ಚದರಿಸುವುದೂ ಅದಕ್ಕೆ ಕಾರಣವೆಂದು ಸಿ. ವಿ. ರಾಮನ್ನರು 1922ರಲ್ಲಿ ತೋರಿಸಿಕೊಟ್ಟರು. ನೀರು ಕೆಂಪನ್ನು ಹೀರುವುದರಿಂದ ಕೆಲವು ಮೀಟರುಗಳ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬೆಳಕು ಬಹಳವಾಗಿ ಕ್ಷೀಣಿಸುತ್ತದೆ. ದೀಪದ ಬೆಳಕಿನ ತೊಟ್ಟಿಯಲ್ಲಿ ಕೆಂಡದಂತೆ ಉರಿಯುವ ಮೀನು ತನ್ನ ಆಳದ ಮನೆಯಲ್ಲಿ ಮಂಕಾಗಿ, ಬೂದಿಯಾಗಿ ಕಾಣುತ್ತಿರುತ್ತದೆ.

ಇಷ್ಟಾದರೂ ಕಠಿಣವಾದ ಪ್ರಶ್ನೆ ಉಳಿದೇ ಇದೆ: ಮೀನು ಎಲ್ಲಿಂದ ಬಂತು? ಅಂಗಡಿಯ ಸಿಹಿನೀರಿನ ಮೀನುಗಳಲ್ಲಿ ಬಹುಪಾಲು ಕೊಳಗಳಲ್ಲಿ ಸಾಕಿ ಬೆಳೆಸಿದವು. ಸಮುದ್ರದವುಗಳಲ್ಲಿ ಬಹುಪಾಲು ಜಾತಿಗಳನ್ನು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಫಿಲಿಪೀನ್ಸಿನಲ್ಲಿ 1960ರ ದಶಕದಿಂದ ಒಂದು ಕ್ರೂರ ಪದ್ಧತಿ ಬೆಳೆಯಿತು. ಸೋಡಿಯಂ ಸಯನೈಡನ್ನು ನೀರಿನಲ್ಲಿ ಕರಗಿಸಿ, ಮೀನು ಅವಿತ ಬಿರುಕಿಗೆ ಪಿಚಕಾರಿಯಿಂದ ಚಿಮ್ಮಿಸುವುದು. ಮೂರ್ಛೆ ಹೋದ ಮೀನನ್ನು ಕೈಯಿಂದ ಆಯ್ದುಕೊಳ್ಳುವುದು. ಹತ್ತಿರದ ಹವಳ ಅದರಿಂದ ಸಾಯುತ್ತದೆ. ಚೇತರಿಸಿಕೊಂಡಂತೆ ಕಾಣುವ ಮೀನುಗಳಲ್ಲಿಯೂ ಹಲವು ಮುಂದೆ ಕೊಂಡವರ ಮನೆಯಲ್ಲಿ ಸಾಯುತ್ತವೆ. ಇಂಡೊನೇಷ್ಯದ ಬಂಗಾಯ್ ದ್ವೀಪಸ್ತೋಮದ ಸಣ್ಣ ಎಡೆಯಲ್ಲಿ ಮಾತ್ರ ಸಹಜವಾಗಿ ನೆಲೆಸಿರುವ ಕಪ್ಪುಬಿಳುಪಿನ ಚೆಲುವಾದ ಕಾರ್ಡಿನಲ್ ಮೀನು, ತೊಟ್ಟಿಗಳಿಗಾಗಿ ಹಿಡಿದು ಹಿಡಿದು 2007ರಲ್ಲಿ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿತು. ಅದನ್ನು ತೊಟ್ಟಿಯಲ್ಲಿಯೇ ಮರಿಮಾಡಿಸಬಹುದೆಂಬುದು ಗೊತ್ತಿದ್ದೂ ಹೀಗಾಯಿತು. ಹವಳವನ್ನೇ ತಿಂದು ಬದುಕುವ ಚಿಟ್ಟೆ ಮೀನುಗಳ ಕೆಲವು ಜಾತಿಗಳನ್ನಂತೂ ಮಾರುವುದೇ ತಪ್ಪು. ಅವು ತೊಟ್ಟಿಯಲ್ಲಿ ಆಹಾರದ ನಡುವೆಯೇ ಉಪವಾಸ ಬೀಳುತ್ತವೆ.

ನಮ್ಮ ದೇಶದಲ್ಲಿ ಹವಳಗಳೂ ಕಡಲ್ಗುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿದವು. ಕಡಲಿನಿಂದ ಅವನ್ನು ಕಿತ್ತು ತಂದು ಮಾರುವುದು ಅಪರಾಧ. ಹವಳವಿಲ್ಲದ ತೊಟ್ಟಿ ಬೋಳಾಗಿರುವುದೆಂದು ಮರುಗಬೇಕಾಗಿಲ್ಲ. ರಂಧ್ರಗಳುಳ್ಳ ಸುಣ್ಣಕಲ್ಲನ್ನಾಗಲಿ ಸುಟ್ಟ ಜೇಡಿಯ ತುಂಡುಗಳನ್ನಾಗಲಿ ಇರಿಸಿದರೆ ಮೀನು ಅವಿತುಕೊಳ್ಳಲೂ ಬ್ಯಾಕ್ಟೀರಿಯ ನೆಲೆಸಲೂ ಅಷ್ಟೇ ಒಳ್ಳೆಯದು.

ಹೊಸಬರು ಯಾವ ಮೀನನ್ನು ಆರಿಸಿಕೊಳ್ಳಬೇಕೆಂದು ಕೇಳಿದರೆ, ಮೊದಲು ಹೇಳಿದ ಕಿತ್ತಳೆಯ ವಿದೂಷಕ ಮೀನನ್ನೇ ನಾವು ಸೂಚಿಸುತ್ತೇವೆ. ಅದರಲ್ಲಿಯೂ ಸಾಕಣೆಯಲ್ಲಿ ಹುಟ್ಟಿದ್ದನ್ನು ಕೇಳಿ ತರಬೇಕು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಇದನ್ನು ಮರಿಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿ ರೂಢಿಗೆ ತಂದಿದೆ. ಕಡಲಿನಲ್ಲಿ ಇದು ಚುಚ್ಚುವ ಎಳೆಗಳುಳ್ಳ ಕಡಲಹೂವಿನ ನಡುವೆ ವಾಸಿಸುತ್ತದೆ. ಮೈಯ ಲೋಳೆ ಇದನ್ನು ಆ ಚುಚ್ಚಿನಿಂದ ಕಾಪಾಡುತ್ತದೆ. ಆದರೆ ತೊಟ್ಟಿಯಲ್ಲಿ ವೈರಿಗಳಿಲ್ಲದುದರಿಂದ ಕಡಲಹೂ ಇಲ್ಲದೆಯೂ ನೆಮ್ಮದಿಯಾಗಿರುತ್ತದೆ. ಇವುಗಳ ಸಂಸಾರ ವಿಚಿತ್ರವಾದುದು. ಮರಿಗಳಲ್ಲಿ ಹೆಣ್ಣು ಇರುವುದಿಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಅದರ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. 1977ರಲ್ಲಿ ಜರ್ಮನಿಯ ಹಾನ್ಸ್ ಮತ್ತು ಸಿಮೋನ್ ಫ್ರಿಕೆ ಇದನ್ನು ವಿವರಿಸಿದರು. ಆದುದರಿಂದ ಗಂಡುಹೆಣ್ಣುಗಳನ್ನು ಹುಡುಕುವ ತೊಂದರೆಯಿಲ್ಲ. ಒಂದು ಸಣ್ಣದನ್ನೂ ಒಂದು ದೊಡ್ಡದನ್ನೂ ತಂದು ಬಿಟ್ಟರೆ ಅವೇ ಇತ್ಯರ್ಥಮಾಡಿಕೊಳ್ಳುತ್ತವೆ. ತಂದ ಕೂಡಲೇ ತೊಟ್ಟಿಗೆ ಬಿಡದೆ, ರೋಗ ಹರಡದಂತೆ ಮೂರು ನಾಲ್ಕು ವಾರ ಬೇರೆಯಾಗಿ ಇರಿಸಿ ನೋಡಬೇಕು. ಎಚ್ಚರದಿಂದ ಸಾಕಿದ ಜೋಡಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಿದ ನಿದರ್ಶನಗಳಿವೆ.

ನೆಲೆ ಒಗ್ಗಿದ ಜೋಡಿ ಒಂದು ದಿನ ಕಲ್ಲಿನ ಮೈಯನ್ನು ಕಚ್ಚಿ ಕಚ್ಚಿ ಶುಚಿಗೊಳಿಸಿ ಅಲ್ಲಿ ಕಿತ್ತಳೆಯ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ. ಗಂಡು ತನ್ನ ರೆಕ್ಕೆಗಳಿಂದ ಅವಕ್ಕೆ ನೀರು ಬೀಸುತ್ತ, ಕೆಟ್ಟವನ್ನು ತೆಗೆಯುತ್ತ ಸುಮಾರು ಒಂದು ವಾರ ಕಾವಲಿರುತ್ತದೆ. ಮರಿಗಳು ಒಡೆದು ಬರುವುದು ಕತ್ತಲಾದ ಮೇಲೆ. ಅವನ್ನು ಬೇರೆ ಪಾತ್ರೆಗೆ ಸಾಗಿಸಿ ಮೊದಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನೂ, ಬಳಿಕ ಆಗತಾನೆ ಒಡೆದ ಆರ್ಟೀಮಿಯ ಮರಿಗಳನ್ನೂ ತಿನ್ನಿಸಬೇಕು. ಈ ಆಹಾರವನ್ನು ಮೊದಲೇ ಬೆಳೆಸಿಟ್ಟುಕೊಂಡಿಲ್ಲದಿದ್ದರೆ ಒಂದೂ ಉಳಿಯುವುದಿಲ್ಲ. ಉಳಿದವುಗಳ ಮೈಮೇಲೆ ಹತ್ತು ಹದಿನೈದು ದಿನಗಳಲ್ಲಿ ಮೊದಲ ಬಿಳಿಯ ಪಟ್ಟೆ ಮೂಡುತ್ತದೆ.